ಮನೆಮಂದಿಯ ಐಜಿಇ ರಿಪೋರ್ಟ್ ಓದುವ ಬಗೆ

ಮಗುವಿನ ಒಟ್ಟು ಐಜಿಇ (ಅಲರ್ಜಿಯಲ್ಲಿ ಏರುವ, ರಕ್ತದಲ್ಲಿನ ಒಂದು ಪ್ರತಿಕಾಯ) 600 ಬಂದರೆ ಮನೆಯಲ್ಲಿ ಏಳುವ ಮೊದಲ ಮಾತು, ಇದು ಅಪ್ಪನ ಕಡೆಯದೋ ಅವ್ವನ ಕಡೆಯದೋ ಎಂಬುದು. ಅಂಕಿಯೊಂದನ್ನೇ ನೋಡಿ ಅದನ್ನು ಹೇಳಲಾಗದು. ವಂಶದ ನಕ್ಷೆ ಬೇಕು.

ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆಯಿರಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಪ್ರತಿಯೊಬ್ಬರ ಕೆಳಗೆ ದಮ್ಮು, ಬೆಳಗಿನ ಸಾಲು ಸೀನು, ಇಸಬು, ಆಹಾರದ ಅಲರ್ಜಿ ಇವುಗಳಲ್ಲಿ ಯಾವುದಿತ್ತು, ಎಷ್ಟನೇ ವಯಸ್ಸಿಗೆ ಶುರುವಾಯಿತು ಎಂದು ನಮೂದಿಸಿ. "ಅಜ್ಜಗ ಅಲರ್ಜಿ ಇರಲಿಲ್ಲ, ಬರೀ ಕೆಮ್ಮು" ಎಂದರೆ ಅಲ್ಲಿಗೇ ಬಿಡಬೇಡಿ. ಕೆಮ್ಮು ವರ್ಷವಿಡೀ ಇತ್ತೋ, ತೊಗರಿ ರಾಶಿಯ ದಿನಗಳಲ್ಲಿ ಮಾತ್ರವೋ? ಬೀಡಿ ಸೇದುತ್ತಿದ್ದರೇ? ರಾಶಿಯ ಧೂಳು ಅಲರ್ಜಿ ಇಲ್ಲದವರ ಗಂಟಲನ್ನೂ ಕೆರೆಯುತ್ತದೆ. ಕಾಂಗ್ರೆಸ್ ಕಸ ತಾಗಿ ಬರುವ ತುರಿಕೆಯನ್ನು ಬೇರೆಯಾಗಿ ಬರೆಯಿರಿ. ಅದು ಹೆಚ್ಚಾಗಿ ಟಿ ಕಣಗಳ (ಒಂದು ಬಗೆಯ ಬಿಳಿ ರಕ್ತಕಣ) ಕೆಲಸ, ಐಜಿಇಯದ್ದಲ್ಲ.

ಸೋದರಮಾವ ಅಥವಾ ಅತ್ತೆ-ಮಾವನ ಮಕ್ಕಳೊಳಗೆ ಮದುವೆಯಾಗಿದ್ದರೆ ಆ ಜೋಡಿಯ ನಡುವೆ ಎರಡು ಗೆರೆ ಎಳೆಯಿರಿ. ಮಗುವಿಗೆ ಐಜಿಇ ಸಾವಿರಗಟ್ಟಲೆ ಇದ್ದು, ಮತ್ತೆ ಮತ್ತೆ ಕುರು, ನ್ಯುಮೋನಿಯಾ, ಬಿಡದ ನರುಳ್ಳೆ ಆಗುತ್ತಿದ್ದರೆ ಡಾಕ್8 ಜೀನಿನ ಅಪರೂಪದ ರೋಗನಿರೋಧಕ ದೋಷವನ್ನು ಶಂಕಿಸಬೇಕು. ಅದು ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಕಾಣಿಸುತ್ತದೆ. ಜೀನ್ ಪರೀಕ್ಷೆಗೆ ಹಣ ಕೊಡುವುದಾದರೆ ಇಂಥ ಕಡೆ ಕೊಡಿ.

ಸಾಮಾನ್ಯ ಅಲರ್ಜಿಗೆ ಜೀನ್ ಪರೀಕ್ಷೆ ದುಡ್ಡು ದಂಡ. 1994ರಲ್ಲಿ ಅಮೆರಿಕದ ಆಮಿಶ್ ಎಂಬ ಕ್ರೈಸ್ತ ಪಂಗಡದ ಕುಟುಂಬಗಳ ಅಧ್ಯಯನವು ಒಟ್ಟು ಐಜಿಇಯ ನಂಟನ್ನು 5ನೇ ಕ್ರೋಮೋಸೋಮಿನಲ್ಲಿ ಗುರುತಿಸಿತು. ಆಮೇಲೆ 1ನೆಯದರ ಎಫ್‌ಸಿಇಆರ್1ಎ, 12ನೆಯದರ ಸ್ಟ್ಯಾಟ್6 ಜೀನುಗಳೆಲ್ಲ ಸೇರಿಕೊಂಡವು. ಒಂದೊಂದರದೂ ಚೂರು ಪಾಲು. ಮಕ್ಕಳಿಗೆ ದಾಟುವುದು ಐಜಿಇ ಹೆಚ್ಚು ತಯಾರಿಸುವ ಗುಣ, ಇಂಥದ್ದೇ ಅಲರ್ಜಿ ಅಲ್ಲ. ಅಪ್ಪನಿಗೆ ಬಳ್ಳಾರಿ ಜಾಲಿಯ ಪರಾಗ ಆಗದಿದ್ದರೆ, ಮಗಳಿಗೆ ಮನೆಧೂಳಿನ ನುಸಿ ಆಗದಿರಬಹುದು.

ಎಲ್ಲರ ರಕ್ತವನ್ನೂ ಒಂದೇ ಲ್ಯಾಬಿಗೆ ಕೊಡಿ. ಹಸಿದ ಹೊಟ್ಟೆ ಬೇಕಿಲ್ಲ, ಸೆಟಿರಿಜಿನ್ ನಿಲ್ಲಿಸಬೇಕಿಲ್ಲ (ಚರ್ಮದ ಚುಚ್ಚು ಪರೀಕ್ಷೆಗಾದರೆ ಸುಮಾರು ಒಂದು ವಾರ ಮೊದಲು ನಿಲ್ಲಿಸಬೇಕು). ಹುಟ್ಟಿದ ಕೂಸಿಗೆ ಐಜಿಇ ಮಿಲಿಲೀಟರಿಗೆ 1 ಐಯು ಒಳಗೇ ಇರುತ್ತದೆ, 10–15ರ ವಯಸ್ಸಿಗೆ ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. ಹಾಗಾಗಿ ಅಪ್ಪನ 90ಕ್ಕೂ 12 ವರ್ಷದ ಮಗನ 180ಕ್ಕೂ ಹೋಲಿಕೆ ಮಾಡಬೇಡಿ. ರಿಪೋರ್ಟಿನಲ್ಲಿ ಆಯಾ ವಯಸ್ಸಿನ ಮಿತಿ ನೋಡಿ.

ನಮ್ಮ ಕಡೆ ಲೆಕ್ಕ ತಪ್ಪುವುದು ಹೆಚ್ಚಾಗಿ ಹುಳದಿಂದ. ದುಂಡುಹುಳ, ಕೊಕ್ಕೆಹುಳ ಎರಡೂ ಐಜಿಇ ಏರಿಸುತ್ತವೆ. ಒಂದೇ ಹೊಲ, ಒಂದೇ ಬಯಲು ಬಳಸುವ ಮನೆಯಲ್ಲಿ ಎಲ್ಲರದೂ ಏರಿದ್ದರೆ ವಂಶದ ಗುಣದಂತೆಯೇ ಕಾಣುತ್ತದೆ. ಮಲಪರೀಕ್ಷೆ, ಇಯೊಸಿನೊಫಿಲ್ (ಹುಳ, ಅಲರ್ಜಿಯಲ್ಲಿ ಏರುವ ಬಿಳಿ ರಕ್ತಕಣ) ಎಣಿಕೆ ಮಾಡಿಸಿ. ಕಲಬುರಗಿ, ಬೀದರ್, ಯಾದಗಿರಿ ಆನೆಕಾಲು ರೋಗ (ಫೈಲೇರಿಯಾ ಹುಳದಿಂದ ಬರುವುದು) ಕಂಡ ಜಿಲ್ಲೆಗಳು. ರಾತ್ರಿ ಕೆಮ್ಮು, ಉಬ್ಬಸ, ಜೊತೆಗೆ ಇಯೊಸಿನೊಫಿಲ್ ಮೈಕ್ರೋಲೀಟರಿಗೆ 3000 ದಾಟಿದ್ದರೆ ದಮ್ಮೆಂದು ಇನ್‌ಹೇಲರ್ ಹಿಡಿದು ಕೂರಬೇಡಿ, ಫೈಲೇರಿಯಾದ ಶ್ವಾಸಕೋಶ ರೂಪವೂ ಹೀಗೇ ಇರುತ್ತದೆ. ಅದರಲ್ಲಿ ರಾತ್ರಿ ರಕ್ತಲೇಪನದಲ್ಲಿ ಹುಳ ಸಿಗುವುದು ಕಡಿಮೆ, ಅದಕ್ಕೆ ಫೈಲೇರಿಯಾ ಆ್ಯಂಟಿಬಾಡಿ ಪರೀಕ್ಷೆ ಕೇಳಿ. ಹುಳಕ್ಕೆ ಚಿಕಿತ್ಸೆಯಾದ ಮರುವಾರ ಐಜಿಇ ಅಳೆಯುವುದು ವ್ಯರ್ಥ, ಇಳಿಯಲು ತಿಂಗಳುಗಳು ಬೇಕು. ಆಮೇಲೆ ಬಂದ ಅಂಕಿಯನ್ನಷ್ಟೇ ನಕ್ಷೆಗೆ ಏರಿಸಿ, ತಾರೀಖು ಬರೆದಿಡಿ.