ಬಜಪೆಯಿಂದ ಮೋಹನ್‌ಬಾರಿಗೆ: ಕೊನೆಗೂ ಕೂಡಿಬಂದ ಲೆಕ್ಕ

ಅಕ್ಕ, ಭಾವ ಇರೋದು ಅಸ್ಸಾಂನ ದುಲಿಯಾಜಾನ್‌ನಲ್ಲಿ. ಹಾಗಾಗಿ ವರ್ಷಕ್ಕೊಮ್ಮೆ ಮಂಗಳೂರಿನ ಬಜಪೆಯಿಂದ ದಿಬ್ರುಗಢದ ಮೋಹನ್‌ಬಾರಿ ವಿಮಾನ ನಿಲ್ದಾಣಕ್ಕೆ ಹೋಗಲೇಬೇಕು. ನಾನು ಹೋಗುವಾಗೆಲ್ಲ ಎರಡು ಕಡೆ ವಿಮಾನ ಬದಲಿಸಿದ್ದೇನೆ. "ದೆಹಲಿ ಮೇಲೆ ಬಾ ಮಾರಾಯ, ಅಲ್ಲಿ ವಿಮಾನ ಜಾಸ್ತಿ" ಅಂತ ಭಾವ ಪ್ರತಿ ಸಲ ಹೇಳುತ್ತಿದ್ದರು. ಮೊದಲ ಎರಡು ವರ್ಷ ಕೇಳಿದೆ. ಮನೆ ಬಾಗಿಲಿಂದ ಬಾಗಿಲಿಗೆ ಹದಿನೆಂಟು ಗಂಟೆ ಹಿಡಿಯಿತು.

ಆಮೇಲೆ ಯಾವ ದಾರಿ ಹತ್ತಿರ ಅಂತ ನೋಡಲು ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಎಕ್ಸೆಲ್‌ಗೆ ಹಾಕಿ ನಾನೇ ಕೂತೆ. ಭೂಮಿಯ ಮೇಲಿನ ಎರಡು ಜಾಗಗಳ ನಡುವಿನ ನೇರ ದೂರ ಕೊಡೋ ಹ್ಯಾವರ್‌ಸೈನ್ ಸೂತ್ರ ಬಳಸಿದೆ. ಡಿಗ್ರಿಯನ್ನು ರೇಡಿಯನ್ ಮಾಡೋದು ಮರೆತು ಒಂದು ಸಂಜೆ ಹಾಳಾಯಿತು. ಅದಕ್ಕಿಂತ ಮಜಾ ಇನ್ನೊಂದು ತಪ್ಪು. ಮಂಗಳೂರು ವಿಮಾನ ನಿಲ್ದಾಣದ ಕೋಡ್ ಐಎಕ್ಸ್‌ಇ. ನಾನು ಐಎಕ್ಸ್‌ಎಂ ಹುಡುಕಿ ಅದರ ಅಂಕಿ ತುಂಬಿದ್ದೆ. ಅದು ಮಧುರೈ! ಆದರೂ ದಿಬ್ರುಗಢಕ್ಕೆ ನೇರ ದೂರ ಸರಿಯಾಗೇ ಕಂಡಿತು, ಯಾಕೆಂದರೆ ಮಧುರೈಯಿಂದಲೂ ದಿಬ್ರುಗಢ ಹೆಚ್ಚು ಕಡಿಮೆ ಅಷ್ಟೇ ದೂರ, ಸುಮಾರು 2,640 ಕಿ.ಮೀ. ಮಂಗಳೂರಿನಿಂದ ಬೆಂಗಳೂರಿಗೆ 300 ಕಿ.ಮೀ. ಬದಲು 375 ಬಂದಾಗ ಮಾತ್ರ ಅನುಮಾನ ಬಂತು.

ಸರಿಪಡಿಸಿದ ಮೇಲೆ ಕಂಡಿದ್ದು ಇದು. ಬೆಂಗಳೂರು, ಕೋಲ್ಕತ್ತಾ ಮೇಲೆ ಹೋದರೆ ಒಟ್ಟು 2,700. ನೇರ ಗೆರೆಗಿಂತ ಬರೀ 60 ಕಿ.ಮೀ. ಜಾಸ್ತಿ! ದೆಹಲಿ ಮೇಲೆ ಹೋದರೆ 3,500. ಭಾವ ನಂಬಲಿಲ್ಲ, "ನಕ್ಷೆಯಲ್ಲಿ ಹಾಗೆ ಕಾಣಲ್ಲ" ಅಂದರು.

ಸಮಯಕ್ಕೆ ನನ್ನ ಲೆಕ್ಕ ಸರಳ: ಗಂಟೆಗೆ 800 ಕಿ.ಮೀ., ಏರೋದು ಇಳಿಯೋದಕ್ಕೆ, ರನ್‌ವೇವರೆಗೆ ಓಡೋದಕ್ಕೆ ಪ್ರತಿ ಹಾರಾಟಕ್ಕೂ ಅರ್ಧ ಗಂಟೆ. ಬೆಂಗಳೂರು–ಕೋಲ್ಕತ್ತಾ ಎರಡೂವರೆ ಗಂಟೆ, ಕೋಲ್ಕತ್ತಾ–ದಿಬ್ರುಗಢ ಒಂದೂವರೆ. ಟಿಕೆಟ್‌ನಲ್ಲಿ ಬರೆದದ್ದಕ್ಕೂ ಇದಕ್ಕೂ ಹತ್ತು ನಿಮಿಷ ವ್ಯತ್ಯಾಸ ಬಂದರೆ ಹೆಚ್ಚು. ಎಟಿಆರ್ (ಪ್ರೊಪೆಲ್ಲರ್ ಇರೋ ಸಣ್ಣ ವಿಮಾನ) ಆದರೆ 800 ಬೇಡ, 450 ಹಿಡಿಯಿರಿ.

ದುಡ್ಡು ಹೋಗಿದ್ದು ಹಾರಾಟದಲ್ಲಲ್ಲ, ನಡುವಿನ ಕಾಯುವಿಕೆಯಲ್ಲಿ. ಅಗ್ಗ ಅಂತ ಬೇರೆ ಬೇರೆ ಪಿಎನ್‌ಆರ್‌ನಲ್ಲಿ ಎರಡು ಟಿಕೆಟ್ ತೆಗೆದಿದ್ದೆ, ಕೋಲ್ಕತ್ತಾದಲ್ಲಿ ನಡುವೆ ತೊಂಬತ್ತು ನಿಮಿಷ. ಅಷ್ಟರಲ್ಲಿ ಚೀಲ ತಗೊಂಡು ಮತ್ತೆ ಕೌಂಟರ್‌ನಲ್ಲಿ ಕೊಡಬೇಕು. ಮೊದಲ ವಿಮಾನ ಮುಕ್ಕಾಲು ಗಂಟೆ ತಡ. ಬೆಲ್ಟ್ ಮೇಲೆ ಬೇರೆಯವರ ಪೆಟ್ಟಿಗೆಗಳು ಸುತ್ತುತ್ತಲೇ ಇವೆ, ನನ್ನ ಚೀಲ ಬರುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಏಳು ಸಾವಿರ ಚಿಲ್ಲರೆ ಹೋಯಿತು, ರಾತ್ರಿಯ ರೂಮು ಬೇರೆ. ಉಳಿಸಲು ಹೋಗಿದ್ದು ಸಾವಿರದ ಇನ್ನೂರು! ಈಗ ಒಂದೇ ಪಿಎನ್‌ಆರ್. ಹೋದ ಡಿಸೆಂಬರ್‌ನಲ್ಲಿ ಮನೆಯಿಂದ ಅಕ್ಕನ ಮನೆಗೆ ಹನ್ನೊಂದು ಗಂಟೆ.

ಆ ಸಲ ಸುಮ್ನೆ ಇನ್ನೊಂದು ಪ್ರಯೋಗವೂ ಮಾಡಿದೆ. ಫ್ಲೈಟ್ ಮೋಡ್‌ನಲ್ಲೂ ಜಿಪಿಎಸ್ ಸಿಗುತ್ತೆ, ಫೋನನ್ನು ಕಿಟಕಿಗೆ ಒತ್ತಿ ಹಿಡಿಯಬೇಕು ಅಷ್ಟೇ. ಕೋಲ್ಕತ್ತಾ ದಾಟಿದ ಮೇಲೆ ವೇಗ 900 ಮುಟ್ಟಿತು. ವಾಪಸ್ ಬರುವಾಗ ಪಡುವಣ ಗಾಳಿ ಎದುರಾಗಿ 720ರ ಆಸುಪಾಸು. ಹೋಗುವಾಗ ಎಡಗಡೆ ಸೀಟು ಹಿಡಿಯಿರಿ, ಮೋಡ ಇಲ್ಲದಿದ್ದರೆ ಹಿಮಾಲಯ ಕಾಣುತ್ತೆ. ಇಳಿದಾಗ ಇನ್ನೂ ಐದು ಗಂಟೆ ಆಗಿರಲಿಲ್ಲ, ಆಗಲೇ ಕತ್ತಲು. ರೇಖಾಂಶದಲ್ಲಿ 20 ಡಿಗ್ರಿ ಅಂತರ ಅಂದರೆ ಸೂರ್ಯನ ಲೆಕ್ಕದಲ್ಲಿ 80 ನಿಮಿಷ, ಅಲ್ವಾ? ಅಲ್ಲಿನ ಚಹಾ ತೋಟಗಳು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಳ್ಳೋದು ಇದಕ್ಕೇ.

ವಾಪಸ್ ಹಾರಾಟದ ಲೆಕ್ಕ ಮಾತ್ರ ಇನ್ನೂ ಹದಿನೈದು ನಿಮಿಷ ತಪ್ಪುತ್ತಿದೆ. ಭಾವ ಅದನ್ನೇ ಹಿಡಿದುಕೊಂಡಿದ್ದಾರೆ.