ಹಾಸ್ಟೆಲ್ ಗಣಪತಿಗೆ ಬಿಳಿಗಾರದ ನೀರು: ನನ್ನ ಅನುಭವ

ಕಾಲೇಜಿನ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುವವರಿಗೆ ಗಣೇಶನ ಹಬ್ಬದಿಂದ ದೀಪಾವಳಿವರೆಗೆ ನಿದ್ದೆ ಕಡಿಮೆ. ನಮ್ಮಲ್ಲಿ ಪ್ರತಿ ವರ್ಷ ಸರ್ಕ್ಯುಲರ್ ಹೊರಡುತ್ತಿತ್ತು. ಥರ್ಮಾಕೋಲ್ ಬೇಡ, ಸೀರಿಯಲ್ ಸೆಟ್ ಬೇಡ, ಮೆಟ್ಟಿಲ ಹತ್ತಿರ ಏನೂ ಕಟ್ಟಬೇಡಿ. ಹುಡುಗರು ಓದಿ, ಆ ಸರ್ಕ್ಯುಲರ್ ಮೇಲೇ ಬಣ್ಣದ ಕಾಗದದ ಪರಪರಿ ಅಂಟಿಸುತ್ತಿದ್ದರು. ಬೇಡ ಅನ್ನೋದು ಬಿಟ್ಟು ಸಾಮಾನು ನಾವೇ ಕೊಡೋಣ, ಬೆಂಕಿ ಹರಡದಂತೆ ಬಿಳಿಗಾರದ ನೀರಲ್ಲಿ ಅದ್ದಿದ ಬಟ್ಟೆ, ಲೈಟಿಗೆ ಸೇಫ್ ಆದ ಬೋರ್ಡು ಅಂದೆ. ವಾರ್ಡನ್ ನಕ್ಕರು. "ಬಟ್ಟೆನ ಉಪ್ಪುನೀರಲ್ಲಿ ಅದ್ದಿ ಬೆಂಕಿ ನಿಲ್ಲಿಸ್ತೀರೇನ್ರೀ?" ಈಗ ಅವರೇ ಬೇರೆ ಕಾಲೇಜಿನವರಿಗೆ ನನ್ನ ನಂಬರ್ ಕೊಡುತ್ತಾರೆ.

ಮೊದಲು ಬಟ್ಟೆ. ಡೆಕೊರೇಷನ್‌ನವರು ತರುವ ಮಿಂಚುವ ಸ್ಯಾಟಿನ್ ಅಪ್ಪಟ ಪಾಲಿಯೆಸ್ಟರ್. ಒಂದು ಪಟ್ಟಿ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಕೆಳತುದಿಗೆ 12 ಸೆಕೆಂಡ್ ಲೈಟರ್ ಕೊಡಿ. ಲೈಟರ್ ತೆಗೆದ ಮೇಲೆ 2 ಸೆಕೆಂಡ್‌ನಲ್ಲಿ ಉರಿ ಆರಬೇಕು, ಉರಿಯುವ ಹನಿ ಬೀಳಬಾರದು. ಸ್ಯಾಟಿನ್ ಕರಗಿ ತೊಟ್ಟು ತೊಟ್ಟಾಗಿ ತಟ್ಟೆಗೆ ಬಿತ್ತು, ಬಿದ್ದ ತೊಟ್ಟು ಅಲ್ಲೂ ಉರಿಯುತ್ತಿತ್ತು. ಹಾಗಂತ ಹತ್ತಿ ಸೇಫ್ ಅಂದುಕೊಳ್ಳಬೇಡಿ. ಬರೀ ಕೋರಾ ಬಟ್ಟೆ ಇಕ್ಕಳದ ಬುಡದವರೆಗೂ ಉರಿದು ಬೂದಿಯಾಯಿತು. ವ್ಯತ್ಯಾಸ ಏನಂದ್ರೆ, ಹತ್ತಿ ಮದ್ದು ಕುಡಿಯುತ್ತೆ, ಪಾಲಿಯೆಸ್ಟರ್ ಕುಡಿಯಲ್ಲ.

ಮದ್ದು ಅಂದರೆ ಅಕ್ಕಸಾಲಿಗರ ಬಿಳಿಗಾರ ಮತ್ತು ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರ್. 10 ಲೀಟರ್ ಬಿಸಿನೀರಿಗೆ ಬಿಳಿಗಾರ 700 ಗ್ರಾಂ, ಬೋರಿಕ್ 300 ಗ್ರಾಂ. ಮೊದಲ ಸಲ ತಣ್ಣೀರಲ್ಲಿ ಕಲಸಿದ್ದಕ್ಕೆ ಅರ್ಧ ಪುಡಿ ಬಕೆಟ್ ತಳದಲ್ಲೇ ಉಳಿಯಿತು, ಬಟ್ಟೆ ಧಗಧಗ ಉರಿಯಿತು, ವಾರ್ಡನ್‌ಗೆ ಖುಷಿಯೋ ಖುಷಿ. ಆಮೇಲೆ ಗಂಜಿ ಇರುವ ಹೊಸ ಬಟ್ಟೆ ಕೈಕೊಟ್ಟಿತು. ಅದು ನೀರನ್ನೇ ಹೀರಲ್ಲ, ಮೊದಲು ಒಗೆದು ಗಂಜಿ ತೆಗೆಯಬೇಕು. ಒಣಗಿಸುವುದು ನೆರಳಲ್ಲಿ. ಬಿಸಿಲಿಗೆ ಹಾಕಿದರೆ ಮೇಲೆ ಬಿಳಿ ಪುಡಿ ಕೂರುತ್ತೆ, ಕೊಡವಿದರೆ ಮದ್ದೂ ಉದುರುತ್ತೆ. ಬಟ್ಟೆ ರಟ್ಟಿನ ಹಾಗೆ ಸೆಟೆದುಕೊಳ್ಳುವುದು ಇನ್ನೊಂದು ತಲೆನೋವು. ನೆರಿಗೆ ಚೆನ್ನಾಗಿ ಬೀಳಲು ನಾನು ಆ ನೀರಿಗೆ ಇನ್ನೊಂದು ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೈಗೆ ಗ್ಲೌಸ್ ಬೇಕು. ಪ್ರಸಾದದ ಪಾತ್ರೆ ಈ ಬಟ್ಟೆ ಮೇಲೆ ಇಡಬೇಡಿ, ಬೋರಿಕ್ ಹೊಟ್ಟೆಗೆ ಹೋಗುವ ವಸ್ತು ಅಲ್ಲ. ಮಳೆಗೆ ನೆಂದರೆ, ಒಗೆದರೆ ಮದ್ದು ಹೋಯಿತು, ಮತ್ತೆ ಅದ್ದಬೇಕು.

ನಡುವೆ ಡಿಎಪಿ ಗೊಬ್ಬರ ಕರಗಿಸಿಯೂ ನೋಡಿದೆ. ಗೊಬ್ಬರದ ಅಂಗಡಿಯಲ್ಲಿ ಅಗ್ಗ, ಬೆಂಕಿಯನ್ನೂ ಚೆನ್ನಾಗಿಯೇ ತಡೆಯುತ್ತೆ. ಆದರೆ ಬಿಳಿ ಬಟ್ಟೆ ಕೆರೆ ಮಣ್ಣಿನ ಬಣ್ಣಕ್ಕೆ ತಿರುಗಿತು, ಥಂಡಿ ಹವೆಗೆ ಅಂಟಂಟಾಯಿತು, ಗುಂಡುಪಿನ್ನೆಲ್ಲ ತುಕ್ಕು ಹಿಡಿದವು. ಉಳಿದದ್ದನ್ನು ಹಾಸ್ಟೆಲ್ ತೆಂಗಿನ ಮರಕ್ಕೆ ಸುರಿದೆ.

ದುಡ್ಡು ಕೇಳುತ್ತೀರಲ್ವಾ? ನೆನಪಿನಿಂದ ಹೇಳುತ್ತೇನೆ. ಪುಡಿಗಳಿಗೆ ಸಾವಿರ, ಸಾವಿರದ ಇನ್ನೂರು, ಬಟ್ಟೆಗೆ ಐದಾರು ಸಾವಿರ, ಲೈಟಿನ ಬೋರ್ಡಿಗೆ ಎಂಟು ಸಾವಿರದ ಆಸುಪಾಸು. ಫೈಲು ಮುಂದೆ ಹೋಗಲಿಲ್ಲ. ಆಮೇಲೆ ಟಿಪ್ಪಣಿಯಲ್ಲಿ ದಬ್ವಾಲಿ ಅಂತ ಬರೆದೆ. 1995ರ ಡಿಸೆಂಬರ್, ಹರಿಯಾಣ, ಶಾಲೆಯ ವಾರ್ಷಿಕೋತ್ಸವ. ಸಿಂಥೆಟಿಕ್ ಶಾಮಿಯಾನ ಹೊತ್ತಿಕೊಂಡು 400ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೇ ಜಾಸ್ತಿ. ಪ್ರಿನ್ಸಿಪಾಲರು ಅವತ್ತೇ ಸಹಿ ಹಾಕಿದರು.

ಇನ್ನು ಲೈಟಿನ ಬೋರ್ಡಿನ ಕಥೆ. ಪಿನ್ ಟಾಪ್ (ಪ್ಲಗ್) ಇಲ್ಲದ ಸೀರಿಯಲ್ ಸೆಟ್ಟು, ಎರಡು ಬರಿ ವೈರು ಸಾಕೆಟ್‌ಗೆ ತೂರಿಸಿ, ಜಾರದಂತೆ ಬೆಂಕಿಕಡ್ಡಿ ಚುಚ್ಚಿರುತ್ತಾರೆ. ಅದು ಸಡಿಲಾಗಿ ಕಿಡಿ ಹಾರುತ್ತಿದ್ದರೂ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳಲ್ಲ. ಅದಕ್ಕೇ ಈಗ ಹಬ್ಬಕ್ಕೆ ವಾರ ಮುಂಚೆ ಎಲ್ಲ ಸೆಟ್ಟೂ ನನ್ನ ಟೇಬಲ್‌ಗೆ ಬರಬೇಕು. ಪಿನ್ ಟಾಪ್ ಹಾಕಿ, ಜಾಯಿಂಟ್ ನೋಡಿ, ಸ್ಟಿಕ್ಕರ್ ಅಂಟಿಸಿ ಕೊಡುತ್ತೇನೆ. ಬೋರ್ಡಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್), ಅದರ ಕೆಳಗೆ 6 ಆಂಪ್ ಎಂಸಿಬಿಗಳು. ಒಂದೊಂದು ಲೈನಿಗೆ 1300 ವ್ಯಾಟ್ ಚಿಲ್ಲರೆ ಸಿಗುತ್ತೆ, ಎಲ್‌ಇಡಿಗೆ ಧಾರಾಳ. 500 ವ್ಯಾಟ್ ಹ್ಯಾಲೊಜನ್ ಫೋಕಸ್ ಲೈಟನ್ನು ಮಾತ್ರ ಕ್ಯಾಂಪಸ್ ಗೇಟ್ ದಾಟಿಸಬೇಡಿ, ಅದರ ಗಾಜಿನ ಬಿಸಿಗೇ ಬಟ್ಟೆ ಹೊತ್ತುತ್ತೆ.

ಮೊದಲ ವರ್ಷ ರಾತ್ರಿ ಜಿಟಿಜಿಟಿ ಮಳೆಗೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿತ್ತು. ಹುಡುಗರು ಜಾಣರು, ಬೋರ್ಡು ಬಿಟ್ಟು ಕಾರಿಡಾರ್ ಪಾಯಿಂಟಿನಿಂದ ನೇರ ಕರೆಂಟ್ ಎಳೆದುಕೊಂಡರು. ಹೊರಗಿನ ಲೈಟಿಗೆ ಬೇರೆ ಆರ್‌ಸಿಸಿಬಿ ಕೊಟ್ಟ ಮೇಲೆ ಆ ಕಾಟ ತಪ್ಪಿತು. ಹೊರಗಿನ ಜಾಯಿಂಟ್ ನೆನೆಯದಂತೆ ನಾನು ಮಾಡುವ ಐದು ರೂಪಾಯಿಯ ಉಪಾಯ ನೋಡಬೇಕಾದರೆ ಹಬ್ಬಕ್ಕೆ ಬನ್ನಿ.

ಹೋದ ಹಬ್ಬದಲ್ಲಿ ನಂದಾದೀಪ ಉರುಳಿತು. ಎಣ್ಣೆ ಚೆಲ್ಲಿ ಮಂಟಪದ ಕೆಳಗಿನ ಜಾಲರಿ ಬಟ್ಟೆಗೆ ಉರಿ ಹತ್ತಿತು. ಕಾವಲಿಗಿದ್ದ ಹುಡುಗ ಮರಳಿನ ಬಕೆಟ್ ತರುವಷ್ಟರಲ್ಲಿ ಎಣ್ಣೆ ಮಾತ್ರ ಉರಿಯುತ್ತಿತ್ತು. ಬಟ್ಟೆ ಅಂಗೈಯಗಲ ಕಪ್ಪಾಗಿ, ಅಂಚಿನಲ್ಲಿ ಮುರುಟಿ ನಿಂತಿತ್ತು. ವಾರ್ಡನ್ ಅದನ್ನು ಬೆರಳಲ್ಲಿ ಕೆರೆದು ನೋಡಿದರು, ಮಾತಾಡಲಿಲ್ಲ. ದೀಪಾವಳಿಗೂ ಇದೇ ಬಟ್ಟೆ ಬೇಕು ಅಂತ ಮರುದಿನವೇ ಇಂಡೆಂಟ್ (ಬೇಡಿಕೆ ಚೀಟಿ) ಬಂತು.

ಪರಪರಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಅದೇ ನೀರನ್ನು ಸ್ಪ್ರೇ ಮಾಡಿದರೆ ಬಣ್ಣ ಬಿಟ್ಟು ಗೋಡೆಯೆಲ್ಲ ಗುಲಾಬಿ ಆಗುತ್ತೆ, ಪೇಂಟಿಂಗ್ ಬಿಲ್ ನನ್ನ ತಲೆಗೆ. ಸದ್ಯಕ್ಕೆ ಪರಪರಿ ಅಂಗಳದ ಮರಗಳಿಗೆ. ಕಾರಿಡಾರಿಗೆ ಮಾವಿನ ತೋರಣ, ಅದೂ ಎಲೆ ಗರಿಗರಿ ಆಗುವ ಮೊದಲೇ ಬಿಚ್ಚಿಸುತ್ತೇನೆ. ಮೆಟ್ಟಿಲಿಗೆ ರಂಗೋಲಿ ಸಾಕು.