ಎಂಡಿಸಿಕೆ ಕೋಶಕ್ಕೆ ಅಡ್ರಿನಲಿನ್: ಕ್ಯಾಲ್ಸಿಯಂ, ವೋಲ್ಟೇಜ್ ಅಳೆಯುವ ನನ್ನ ಕ್ರಮ

ಕಿಡ್ನಿ ಕೋಶದ ಮೇಲೆ ಅಡ್ರಿನಲಿನ್ ಹರಿಸಿ ಕ್ಯಾಲ್ಸಿಯಂ ಏರಿತು ಎನ್ನುವ ಮೊದಲು, ಹಾರ್ಮೋನಿಲ್ಲದ ದ್ರಾವಣವನ್ನು ಅದೇ ವೇಗದಲ್ಲಿ ಹರಿಸಿ ನೋಡಬೇಕು. ನಾನು ಬಳಸುವುದು ಎಂಡಿಸಿಕೆ. 1958ರಲ್ಲಿ ಮ್ಯಾಡಿನ್ ಮತ್ತು ಡಾರ್ಬಿ ಕಾಕರ್ ಸ್ಪ್ಯಾನಿಯಲ್ ನಾಯಿಯ ಕಿಡ್ನಿಯಿಂದ ಬೆಳೆಸಿದ ಕೋಶಗಳು. ಇವು ಹರಿವಿಗೇ ಕೆರಳುತ್ತವೆ: ಮೇಲ್ಮೈಯ ಸಿಲಿಯಾ (ಕೂದಲಿನಂಥ ಎಳೆ) ಬಾಗಿದರೂ ಕ್ಯಾಲ್ಸಿಯಂ ಏರುತ್ತದೆ, ಜೊತೆಗೆ ಹೊರಬಿದ್ದ ಎಟಿಪಿ (ಕೋಶದ ಶಕ್ತಿಯ ಅಣು) ಅಕ್ಕಪಕ್ಕದ ಕೋಶಗಳನ್ನೂ ಎಬ್ಬಿಸುತ್ತದೆ. ಹಾಗಾಗಿ ಪೈಪೆಟ್ಟಿನಿಂದ ಸುರಿಯುವುದು ಬೇಡವೇ ಬೇಡ. ನಿಮಿಷಕ್ಕೆ 1 ಮಿಲಿಲೀಟರಿನಂತೆ ಮೊದಲಿನಿಂದಲೇ ಹರಿಬಿಟ್ಟು, ವಾಲ್ವ್ ತಿರುಗಿಸಿ ದ್ರಾವಣ ಮಾತ್ರ ಬದಲಿಸುತ್ತೇನೆ. ಅನುಮಾನ ಬಂದರೆ ಎಟಿಪಿ ಒಡೆಯಲು ಅಪೈರೇಸ್ ಕಿಣ್ವ, ಮಿಲಿಲೀಟರಿಗೆ 2 ಯೂನಿಟ್. ಅಡ್ರಿನಲಿನ್ ಹಿಡಿಯುವ ಆಲ್ಫಾ ಗ್ರಾಹಕಗಳನ್ನು ತಡೆಯುವ 10 ಮೈಕ್ರೋಮೋಲಾರ್ ಫೆಂಟೊಲಮಿನ್‌ಗೂ ಬಗ್ಗದ ಏರಿಕೆಯನ್ನು ಅಡ್ರಿನಲಿನ್ ಲೆಕ್ಕಕ್ಕೆ ಬರೆಯುವುದಿಲ್ಲ.

ಕ್ಯಾಲ್ಸಿಯಂ ತೋರಿಸುವ ಹೊಳೆವ ಬಣ್ಣ ಫ್ಯೂರಾ-2 ಎಎಂ 3 ಮೈಕ್ರೋಮೋಲಾರ್, ಅದನ್ನು ಕರಗಿಸಲು ಪ್ಲೂರಾನಿಕ್ ಎಫ್-127 ಶೇ. 0.02, ಕೋಣೆಯ ಉಷ್ಣತೆಯಲ್ಲಿ, ಕತ್ತಲಲ್ಲಿ 40 ನಿಮಿಷ. ತೊಳೆದು ಇನ್ನೂ 20 ನಿಮಿಷ ಬಿಟ್ಟರೆ ಬಣ್ಣವನ್ನು ಕೋಶದೊಳಗೆ ಸೇರಿಸಿದ ಎಸ್ಟರ್ ಭಾಗ (ಎಎಂ) ಪೂರ್ತಿ ಕಳಚಿಕೊಳ್ಳುತ್ತದೆ. 37 ಡಿಗ್ರಿಯಲ್ಲಿ ಲೋಡ್ ಮಾಡಿದರೆ ಬಣ್ಣ ಕೋಶದೊಳಗಿನ ಚೀಲಗಳಿಗೆ ಸೇರಿ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಅಂಥ ಕವರ್‌ಸ್ಲಿಪ್ ಎಸೆಯುವುದೇ ಲೇಸು. ಈ ಕೋಶಗಳು ಬಣ್ಣವನ್ನು ಹೊರಕ್ಕೂ ತಳ್ಳುತ್ತವೆ (ಕಿಡ್ನಿಯ ಕಸುಬೇ ಅದಲ್ಲವೇ), ಅದನ್ನು ತಡೆಯಲು 1 ಮಿಲಿಮೋಲಾರ್ ಪ್ರೊಬೆನೆಸಿಡ್. 340 ಮತ್ತು 380 ನ್ಯಾನೊಮೀಟರ್ ಬೆಳಕಿನಲ್ಲಿ ಬಣ್ಣ ಹೊಳೆಯುವ ಪ್ರಮಾಣಗಳ ಅನುಪಾತವನ್ನಷ್ಟೇ ನಂಬಬೇಡಿ. ಕ್ಯಾಲ್ಸಿಯಂ ನಿಜವಾಗಿ ಏರಿದಾಗ 340 ನ್ಯಾನೊಮೀಟರಿನ ಗೆರೆ ಮೇಲಕ್ಕೆ, 380ರದು ಕೆಳಕ್ಕೆ, ಒಟ್ಟಿಗೇ ಹೋಗುತ್ತವೆ. ಎರಡೂ ಇಳಿದರೆ ಫೋಕಸ್ ಜಾರಿದೆ, ಇಲ್ಲವೇ ಬಣ್ಣ ಸೋರಿದೆ.

ಅಡ್ರಿನಲಿನ್ 1 ಮೈಕ್ರೋಮೋಲಾರ್ ಸಾಕು. ಕೆಟ್ಟು ಗುಲಾಬಿಗೆ ತಿರುಗಿದ ದ್ರಾವಣ ಚೆಲ್ಲಿ. ಮೊದಲು ಚೂಪಾದ ಏರು, ಹಿಂದೆಯೇ ತಗ್ಗಿನ ಸಮಮಟ್ಟ ಬರುತ್ತದೆ. ಹೊರಗಿನ ಕ್ಯಾಲ್ಸಿಯಂ ತೆಗೆದು ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ 1 ಮಿಲಿಮೋಲಾರ್ ಕೊಟ್ಟರೆ ಏರು ಉಳಿದು ಸಮಮಟ್ಟ ಹೋಗುತ್ತದೆ. ಏರು ಒಳಗಿನ ದಾಸ್ತಾನಿನದು. ಇಜಿಟಿಎ ಬಂದ ನಿಮಿಷದೊಳಗೆ ಹಾರ್ಮೋನ್ ಕೊಡಬೇಕು, ತಡವಾದರೆ ದಾಸ್ತಾನೇ ಸೋರುತ್ತದೆ.

ವೋಲ್ಟೇಜಿಗೆ ಮಾಮೂಲಿ ಹೋಲ್-ಸೆಲ್ ಪ್ಯಾಚ್ (ಗಾಜಿನ ಪೈಪೆಟ್ಟನ್ನು ಕೋಶಕ್ಕೆ ಅಂಟಿಸಿ ಪೊರೆ ಒಡೆಯುವ ಕ್ರಮ) ಸರಿಹೋಗದು. ಪೈಪೆಟ್ಟಿನ 10 ಮಿಲಿಮೋಲಾರ್ ಇಜಿಟಿಎ ಒಳಹೊಕ್ಕು, ಚಾನೆಲ್ (ಪೊರೆಯ ಅಯಾನು ದ್ವಾರ) ತೆರೆಯಬೇಕಾದ ಕ್ಯಾಲ್ಸಿಯಂ ಅನ್ನೇ ನುಂಗುತ್ತದೆ. ಪೊರೆ ಒಡೆಯದೆ ಸಣ್ಣ ತೂತುಗಳನ್ನಷ್ಟೇ ಮಾಡುವ ಆಂಫೊಟೆರಿಸಿನ್ ಬಿ, ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಬೆರೆಸಿ ಪರ್ಫೊರೇಟೆಡ್ ಪ್ಯಾಚ್ ಮಾಡುತ್ತೇನೆ. ತುದಿಯಲ್ಲಿ ಆಂಫೊಟೆರಿಸಿನ್ ಇಲ್ಲದ ದ್ರಾವಣವಿರಬೇಕು, ಇಲ್ಲದಿದ್ದರೆ ಪೈಪೆಟ್ಟು ಪೊರೆಗೆ ಬಿಗಿಯಾಗಿ ಅಂಟುವ ಸೀಲ್ ಕೂರುವುದಿಲ್ಲ. ತುದಿಯ ಆ ದ್ರಾವಣ ಹೆಚ್ಚಾದರೆ ಎಷ್ಟು ಕಾದರೂ ತೂತು ಬೀಳುವುದಿಲ್ಲ. ವಿಶ್ರಾಂತಿಯಲ್ಲಿ −50 ಮಿಲಿವೋಲ್ಟ್ ಆಸುಪಾಸು. ಅಡ್ರಿನಲಿನ್ ತಲುಪಿದೊಡನೆ ಪೊಟ್ಯಾಸಿಯಂ ಚಾನೆಲ್ ತೆರೆದು ಇನ್ನೂ ಋಣಕ್ಕೆ ಇಳಿಯುತ್ತದೆ. ಖಾತ್ರಿಗೆ ಹೊರಗಿನ ಪೊಟ್ಯಾಸಿಯಂ 5ರಿಂದ 20 ಮಿಲಿಮೋಲಾರಿಗೆ ಏರಿಸಿ, ಅಷ್ಟೇ ಸೋಡಿಯಂ ಇಳಿಸಿ. ಒಳಗೆ 140 ಇದ್ದು ಕೋಣೆ 22 ಡಿಗ್ರಿ ಇದ್ದರೆ ಪೊಟ್ಯಾಸಿಯಂನ ಸಮತೋಲನ ವೋಲ್ಟೇಜ್ (ಅದರ ಹರಿವು ನಿಲ್ಲುವ ಮಟ್ಟ) −85ರಿಂದ −49ಕ್ಕೆ ಬರುತ್ತದೆ, ಇಳಿತ ಅದರಾಚೆ ಹೋಗಬಾರದು. ಪೈಪೆಟ್ಟಿನಲ್ಲಿ ಗ್ಲುಕೊನೇಟ್ ಇದ್ದು ಓದು −35ರಲ್ಲೇ ನಿಂತರೆ ಚಾನೆಲನ್ನು ದೂರಬೇಡಿ. ಸುಮಾರು 15 ಮಿಲಿವೋಲ್ಟ್ ಜಂಕ್ಷನ್ ಪೊಟೆನ್ಶಿಯಲ್ (ಪೈಪೆಟ್ಟಿನ ಮತ್ತು ಹೊರಗಿನ ದ್ರಾವಣ ಸೇರುವಲ್ಲಿನ ವೋಲ್ಟೇಜ್) ಕಳೆಯುವುದು ಬಾಕಿ ಇರುತ್ತದೆ.